ಕರಡಿ ಊರಿನವಳಿಗೆ ಕರಡಿ ಪರೀಕ್ಷೆ

‘ಮಾವ, ಇಲ್ಲಿ ನಾನು ಕರಡಿ ಬೇಟೆಗೆ ಹೊಂಟೀನಿ.’

ಫೋನಿನ ಆ ಕಡೆ ಸದ್ದೇ ಇಲ್ಲ. ಸಿಗ್ನಲ್ ಹೋಯಿತೇನೋ ಅಂದುಕೊಂಡು ಎರಡು ಸಲ ‘ಹಲೋ’ ಅಂದೆ. ಆಮೇಲೆ ಮಾವ ಕೇಳಿದ್ದು ಒಂದೇ ಮಾತು: ‘ಅದು ನಿನಗೇನು ಮಾಡಿತ್ತವ್ವಾ?’

ನಾನು ಬೇರೆಯದೇ ಉತ್ತರ ನಿರೀಕ್ಷಿಸಿದ್ದೆ. ಯಾಕೆಂದರೆ ನಮ್ಮ ಸೋದರಮಾವನಿಗೆ ಎಡಗಣ್ಣು ಇಲ್ಲ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಶೇಂಗಾ ಹೊಲ ಕಾಯಲು ಹೋಗಿದ್ದ ಅವರ ಮೇಲೆ ನಸುಕಿನಲ್ಲಿ ಕರಡಿ ಎರಗಿತ್ತು. ಕೆನ್ನೆಯಿಂದ ಹುಬ್ಬಿನವರೆಗೂ ಹೊಲಿಗೆ ಬಿದ್ದಿತ್ತು. ನಮ್ಮೂರು ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿ. ಬಂಡೆಗುಡ್ಡ, ಕುರುಚಲು ಕಾಡು, ಮಳೆ ನಂಬಿದ ಹೊಲ. ಒಂದು ದಿಕ್ಕಿಗೆ ಗುಡೇಕೋಟೆ ಕರಡಿಧಾಮ, ಇನ್ನೊಂದು ದಿಕ್ಕಿಗೆ ದರೋಜಿ ಕರಡಿಧಾಮ. ನಮ್ಮಲ್ಲಿ ಮಕ್ಕಳಿಗೆ ಗುಮ್ಮನ ಹೆಸರು ಹೇಳಿ ಹೆದರಿಸುವುದಿಲ್ಲ, ಕರಡಿ ಹೆಸರು ಹೇಳಿದರೆ ಸಾಕು.

ಅಂಥ ಊರಿನ ನಾನು ಈಗ ಇರುವುದು ಅಮೆರಿಕದ ಮೊಂಟಾನಾ ರಾಜ್ಯದ ಮಿಸ್ಸೌಲಾ ಎಂಬ ಊರಲ್ಲಿ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಅರಣ್ಯಶಾಸ್ತ್ರದ ಸ್ನಾತಕೋತ್ತರ ಓದು. ಕ್ಯಾಂಪಸ್ಸಿನ ನಡುವೆ ಕಂಚಿನ ಕರಡಿ ನಿಂತಿದೆ. ಫುಟ್‌ಬಾಲ್ ತಂಡದ ಹೆಸರು ‘ಗ್ರಿಜ್ಲೀಸ್’. ರಾಜ್ಯದ ಅಧಿಕೃತ ಪ್ರಾಣಿಯೂ ಗ್ರಿಜ್ಲಿ ಕರಡಿಯೇ. ಹನ್ನೆರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಹಾರಿ ಬಂದರೂ ಕರಡಿ ನನ್ನನ್ನು ಬಿಡಲಿಲ್ಲ!

ನನಗೆ ನೆಲಮಾಳಿಗೆಯ ಕೋಣೆ ಬಾಡಿಗೆಗೆ ಕೊಟ್ಟಿರುವವರು ಮರದ ಮಿಲ್ಲಿನಲ್ಲಿ ದುಡಿದು ನಿವೃತ್ತರಾದ ಹಿರಿಯರು. ಇಲ್ಲಿ ಅಪ್ಪನ ವಯಸ್ಸಿನವರನ್ನೂ ಹೆಸರು ಹಿಡಿದು ಕರೆಯುತ್ತಾರೆ. ನನಗೆ ಬಾಯಿ ಬರಲಿಲ್ಲ. ‘ಅಜ್ಜ’ ಅಂದೆ. ಅರ್ಥ ಹೇಳಿದ ಮೇಲೆ ಅವರಿಗೂ ಅದೇ ಇಷ್ಟವಾಯಿತು. ಕಳೆದ ಚಳಿಗಾಲದಲ್ಲಿ ಒಂದು ದಿನ ಫ್ರೀಜರಿನಿಂದ ಕರಡಿ ಮಾಂಸದ ಸಾಸೇಜ್ ತೆಗೆದು ಬೇಯಿಸಿ ಕೊಟ್ಟರು. ನಾವು ಕುರಿ, ಕೋಳಿ ತಿನ್ನುವ ಮನೆಯವರು. ತಿಂದೆ, ಚೆನ್ನಾಗಿತ್ತು. ‘ಏಪ್ರಿಲ್‌ನಲ್ಲಿ ವಸಂತದ ಬೇಟೆ ಶುರುವಾಗುತ್ತದೆ, ಬರ್ತೀಯಾ?’ ಎಂದು ಕೇಳಿದರು. ಹೂಂ ಅಂದುಬಿಟ್ಟೆ.

ಓದಿಗೆ ಉಪಯೋಗವಾಗುತ್ತದೆ ಅಂತ ಗೆಳತಿಯರಿಗೆ ಹೇಳಿದೆ. ಅದು ಸುಳ್ಳಲ್ಲ. ಆದರೆ ಒಳಗೊಳಗೆ ಮಾವನ ಕಣ್ಣಿನ ಹಳೇ ಲೆಕ್ಕವೂ ಇತ್ತು. ಅದನ್ನೇ ಮಾವ ಒಂದು ಪ್ರಶ್ನೆಯಲ್ಲಿ ಹೊರಗೆಳೆದರು.

ಮೊದಲು ಕ್ಲಾಸು, ಆಮೇಲೆ ಕಾಡು

ಬಂದೂಕು ಹೆಗಲಿಗೇರಿಸಿ ಹೊರಡುವುದೇ ಬೇಟೆ ಅಂತ ನಾನು ತಿಳಿದಿದ್ದೆ. ಇಲ್ಲಿ ಮೊದಲು ಸಿಕ್ಕಿದ್ದು ಪುಸ್ತಕ. 1985ರ ಜನವರಿ 1ರ ನಂತರ ಹುಟ್ಟಿದ ಯಾರೇ ಆಗಲಿ, ಮೊಂಟಾನಾದಲ್ಲಿ ಬೇಟೆ ಪರವಾನಗಿ ಬೇಕಾದರೆ ಬೇಟೆಗಾರರ ತರಬೇತಿ ಮುಗಿಸಿರಬೇಕು. ನನ್ನ ತರಗತಿಯಲ್ಲಿ ಅರ್ಧಕ್ಕರ್ಧ ಹನ್ನೆರಡು, ಹದಿಮೂರು ವರ್ಷದ ಮಕ್ಕಳು. ಬಂದೂಕಿನ ಬಾಯಿ ಯಾವ ಕಡೆ ಇರಬೇಕು, ಬೇಲಿ ದಾಟುವಾಗ ಏನು ಮಾಡಬೇಕು, ಗುರಿಯ ಹಿಂದೆ ಏನಿದೆ ಅಂತ ಯಾಕೆ ನೋಡಬೇಕು ಎಂಬುದೆಲ್ಲ ಅವರಿಗೆ ಬಾಯಿಪಾಠ. ನಾನೇ ಹಿಂದಿನ ಬೆಂಚಿನ ದಡ್ಡಿ.

ನನಗೆ ಇನ್ನೊಂದು ತೊಡಕೂ ಇತ್ತು. ವಿದ್ಯಾರ್ಥಿ ವೀಸಾದಲ್ಲಿ ಬಂದವರು ಸಾಮಾನ್ಯವಾಗಿ ಇಲ್ಲಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಬೇಟೆ ಪರವಾನಗಿ ಇದ್ದವರಿಗೆ ಮಾತ್ರ ಅಮೆರಿಕದ ಕಾನೂನು ವಿನಾಯಿತಿ ಕೊಡುತ್ತದೆ. ಹಾಗಾಗಿ ಮಾರ್ಚ್‌ನಲ್ಲಿ ಪರವಾನಗಿಯ ಹೊಸ ವರ್ಷ ಶುರುವಾಗಿ ನನ್ನ ಕಾಗದ ಕೈಗೆ ಬರುವವರೆಗೂ ಅಜ್ಜನ ರೈಫಲ್ಲನ್ನು ಮುಟ್ಟಿಯೂ ನೋಡಲಿಲ್ಲ.

ಕರಡಿ ಪರವಾನಗಿಗೆ ಇವೆಲ್ಲ ಸಾಲದು. ಅದಕ್ಕೆ ಪ್ರತ್ಯೇಕ ಪರೀಕ್ಷೆ ಇದೆ, ಕರಡಿ ಗುರುತಿಸುವ ಪರೀಕ್ಷೆ. ಕಾರಣ ಇಷ್ಟೆ. ಇಲ್ಲಿ ಎರಡು ಬಗೆಯ ಕರಡಿಗಳಿವೆ. ಒಂದು ಬ್ಲ್ಯಾಕ್ ಬೇರ್, ಅಂದರೆ ಕಪ್ಪು ಕರಡಿ. ಪರವಾನಗಿ ಇದ್ದರೆ ಅದರ ಬೇಟೆಗೆ ಅವಕಾಶವಿದೆ. ಇನ್ನೊಂದು ಗ್ರಿಜ್ಲಿ. ಬೇಟೆ, ವಿಷ, ಬೋನುಗಳಿಗೆ ಸಿಕ್ಕಿ ಅಲಾಸ್ಕಾ ಬಿಟ್ಟರೆ ಉಳಿದ ಕಡೆ ಬಹುತೇಕ ನಿರ್ನಾಮವಾಗಿದ್ದ ಗ್ರಿಜ್ಲಿಯನ್ನು 1975ರಲ್ಲಿ ಸಂರಕ್ಷಿತ ಪ್ರಾಣಿಗಳ ಪಟ್ಟಿಗೆ ಸೇರಿಸಲಾಯಿತು. ಅದನ್ನು ಕೊಂದರೆ ಅಪರಾಧ. ‘ಕಪ್ಪು ಕರಡಿ ಅಂದುಕೊಂಡೆ ಸ್ವಾಮಿ’ ಅಂದರೆ ನಡೆಯುವುದಿಲ್ಲ.

ಕಪ್ಪಗಿರುವುದು ಕಪ್ಪು ಕರಡಿ, ಕಂದು ಬಣ್ಣದ್ದು ಗ್ರಿಜ್ಲಿ, ಇದರಲ್ಲೇನು ಪರೀಕ್ಷೆ ಅಂತೀರಾ? ನಾನೂ ಹಾಗೇ ಅಂದುಕೊಂಡು ಅಣಕು ಪರೀಕ್ಷೆಯಲ್ಲಿ ಮುಗ್ಗರಿಸಿದೆ. ಹೆಸರು ಕಪ್ಪು ಕರಡಿ ಆದರೂ ಅದು ಕಂದು ಬಣ್ಣದಲ್ಲಿರಬಹುದು, ದಾಲ್ಚಿನ್ನಿ ಬಣ್ಣದಲ್ಲಿರಬಹುದು, ಒಣಹುಲ್ಲಿನ ಬಣ್ಣದಲ್ಲೂ ಇರಬಹುದು. ಗ್ರಿಜ್ಲಿ ಅಚ್ಚ ಕಪ್ಪಾಗಿ ಕಾಣುವುದೂ ಉಂಟು. ಗಾತ್ರವೂ ನಂಬಿಕೆಗೆ ಅರ್ಹವಲ್ಲ, ದೂರದಿಂದ ಎಲ್ಲ ಕರಡಿಯೂ ದೊಡ್ಡದೇ.

ನೋಡಬೇಕಾದ್ದು ಬೇರೆ. ಗ್ರಿಜ್ಲಿಗೆ ಮುಂಗಾಲಿನ ಮೇಲೆ, ಹೆಗಲಿನ ಜಾಗದಲ್ಲಿ ಗೂನು ಇರುತ್ತದೆ. ಪಕ್ಕದಿಂದ ನೋಡಿದರೆ ಹಣೆ ಮತ್ತು ಮೂಗಿನ ನಡುವೆ ತಟ್ಟೆಯ ಹಾಗೆ ತಗ್ಗು. ಕಿವಿ ಗಿಡ್ಡ, ದುಂಡಗೆ. ಮುಂಗಾಲಿನ ಉಗುರು ಉದ್ದ. ಕಪ್ಪು ಕರಡಿಗೆ ಆ ಗೂನಿಲ್ಲ, ಮುಖ ನೇರ, ಕಿವಿ ಎದ್ದು ಕಾಣುತ್ತದೆ, ಉಗುರು ಗಿಡ್ಡ. ಕೆಸರಿನಲ್ಲಿ ಮುಂಗಾಲಿನ ಹೆಜ್ಜೆ ಸಿಕ್ಕರೆ ಅದಕ್ಕೂ ಒಂದು ಲೆಕ್ಕವಿದೆ. ದೊಡ್ಡ ಬೆರಳಿನ ಬುಡದಿಂದ ಪಾದದ ಮೇಲಂಚಿಗೆ ತಾಗಿಸಿ ಒಂದು ಗೆರೆ ಎಳೆಯಬೇಕು. ಕಿರುಬೆರಳಿನ ಹೆಚ್ಚು ಭಾಗ ಗೆರೆಯ ಮೇಲಿದ್ದರೆ ಗ್ರಿಜ್ಲಿ, ಕೆಳಗಿದ್ದರೆ ಕಪ್ಪು ಕರಡಿ. ಒಂದೇ ಗುರುತು ನೋಡಿ ತೀರ್ಮಾನಿಸಬಾರದು, ಎಲ್ಲವನ್ನೂ ಸೇರಿಸಿ ನೋಡಬೇಕು ಎಂಬುದು ಪಾಠದ ಸಾರ. ಎರಡು ವಾರ ಓದಿ ಪಾಸಾದೆ. ಅಜ್ಜನಿಗೆ ಪ್ರಮಾಣಪತ್ರ ತೋರಿಸಿ ಜಂಬ ಕೊಚ್ಚಿಕೊಂಡೆ.

ಇಬ್ಬರಿಗೂ ಹೊಸ ಕಣಿವೆ

ಅಜ್ಜ ಮೂವತ್ತು ವರ್ಷ ಬೇಟೆಯಾಡಿದ್ದು ಮಿಸ್ಸೌಲಾದ ದಕ್ಷಿಣಕ್ಕಿರುವ ಬಿಟರ್‌ರೂಟ್ ಬೆಟ್ಟಗಳಲ್ಲಿ. ಅಲ್ಲಿನ ಕಡಿದಾದ ಏರು ಅವರ ಮಂಡಿಗೆ ಈಗ ಆಗದು. ಪೂರ್ವಕ್ಕೆ ಬ್ಲ್ಯಾಕ್‌ಫುಟ್ ನದಿಯ ಕಣಿವೆಯಲ್ಲಿ, ಸೀಲಿ ಲೇಕ್ ಕಡೆ ಅವರ ತಂಗಿಯ ಮನೆ ಇದೆ. ಅಲ್ಲೇ ಉಳಿದು ಸುತ್ತಲಿನ ಸರ್ಕಾರಿ ಕಾಡಿನಲ್ಲಿ ಬೇಟೆ ಅಂತ ತೀರ್ಮಾನವಾಯಿತು. ಜಾಗ ನನಗೂ ಹೊಸದು, ಅವರಿಗೂ ಹೊಸದು.

ಹೊಸ ಜಾಗವನ್ನು ಮನೆಯಲ್ಲೇ ಕೂತು ಅರ್ಧ ನೋಡಿಬಿಡಬಹುದು ಅಂತ ಕಲಿತದ್ದು ಆಗಲೇ. ಫೆಬ್ರವರಿಯ ಸಂಜೆಗಳಲ್ಲಿ ಅಡುಗೆಮನೆಯ ಮೇಜಿನ ಮೇಲೆ ಕಾಂಟೂರ್ ನಕ್ಷೆ ಹರಡಿ ಕೂರುತ್ತಿದ್ದೆವು. ಪಕ್ಕದಲ್ಲಿ ಫೋನಿನ ಆ್ಯಪ್. ಯಾವುದು ಸರ್ಕಾರದ ಕಾಡು, ಯಾವುದು ಖಾಸಗಿ ಜಮೀನು ಅಂತ ಅದು ಬಣ್ಣದಲ್ಲಿ ತೋರಿಸುತ್ತದೆ. ಖಾಸಗಿ ಜಮೀನಿನಲ್ಲಿ ಬೇಟೆಯಾಡಲು ಮಾಲೀಕರ ಅನುಮತಿ ಬೇಕೇ ಬೇಕು.

ನಾವು ಹುಡುಕುತ್ತಿದ್ದದ್ದು ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರುಗಳನ್ನು. ಬಿಸಿಲು ಹೆಚ್ಚು ಬೀಳುವುದರಿಂದ ಹಿಮ ಮೊದಲು ಕರಗುವುದು ಅಲ್ಲಿ, ಹುಲ್ಲು ಮೊದಲು ಚಿಗುರುವುದೂ ಅಲ್ಲೇ. ಐದಾರು ತಿಂಗಳು ಏನೂ ತಿನ್ನದೆ ಗುಹೆಯಲ್ಲಿ ಮಲಗಿದ್ದ ಕರಡಿ ಎದ್ದು ಬಂದು ಮೊದಲು ಮೇಯುವುದು ಈ ಎಳೆ ಹುಲ್ಲನ್ನು. ಹೌದು, ದನದ ಹಾಗೆ ಮೇಯುತ್ತದೆ! ನಮ್ಮೂರ ಕರಡಿ ಚಳಿಗಾಲವಿಡೀ ನಿದ್ದೆ ಮಾಡುವುದಿಲ್ಲ. ಗೆದ್ದಲು, ಜೇನು, ಹಣ್ಣು ಅಂತ ವರ್ಷವಿಡೀ ಓಡಾಡುತ್ತದೆ. ಇದು ಬೇರೆಯದೇ ಜೀವ. ಗೇಟು ಹಾಕಿ ಮುಚ್ಚಿದ ಹಳೆಯ ಮರಸಾಗಣೆ ರಸ್ತೆಗಳಲ್ಲಿ ಕ್ಲೋವರ್ ಎಂಬ ಮೇವಿನ ಸೊಪ್ಪು ಬೆಳೆಯುತ್ತದೆ. ಕರಡಿಗೆ ಅದು ಪ್ರೀತಿ, ಅಜ್ಜನ ಮಂಡಿಗೆ ಆ ಸಮತಟ್ಟು ರಸ್ತೆ ಪ್ರೀತಿ. ನಕ್ಷೆಯಲ್ಲಿ ಅಂಥ ಆರು ಜಾಗಗಳಿಗೆ ಪೆನ್ಸಿಲ್ಲಿನಿಂದ ಗುರುತು ಹಾಕಿದೆವು.

ಗುಹೆಯಿಂದ ಮೊದಲು ಹೊರಬರುವುದು ಗಂಡು ಕರಡಿಗಳು. ಹೊಸ ಮರಿಗಳಿರುವ ತಾಯಂದಿರು ಎಲ್ಲರಿಗಿಂತ ಕೊನೆಗೆ. ಜನವರಿ, ಫೆಬ್ರವರಿ ಹೊತ್ತಿಗೆ ಗುಹೆಯಲ್ಲೇ ಹುಟ್ಟುವ ಮರಿ ಅರ್ಧ ಕೆ.ಜಿ.ಯೂ ತೂಗುವುದಿಲ್ಲ. ಮರಿ ಜೊತೆಗಿರುವ ತಾಯಿಯನ್ನು ಹೊಡೆಯುವುದು ಇಲ್ಲಿ ಕಾನೂನುಬಾಹಿರ. ಆದರೆ ಮರಿಗಳು ಸದಾ ಪಕ್ಕದಲ್ಲೇ ಇರುತ್ತವೆಯೇ? ತಾಯಿ ಅವನ್ನು ಮರ ಹತ್ತಿಸಿ ತಾನು ಮೇಯಲು ಬಂದಿರಬಹುದು. ನಮಗೆ ಕಾಣುವುದು ಒಂಟಿ ಕರಡಿ.

ವಸಂತದ ಬೇಟೆಯ ಬಗ್ಗೆ ಇಲ್ಲಿಯೂ ಜಗಳವಿದೆ, ಅದರ ಬೇರು ಇರುವುದು ಇಲ್ಲಿಯೇ. ಕೊಲೊರಾಡೊ ರಾಜ್ಯದ ಜನ 1992ರಲ್ಲಿ ಮತ ಹಾಕಿ ವಸಂತದ ಕರಡಿ ಬೇಟೆ ನಿಲ್ಲಿಸಿದರು. ವಾಷಿಂಗ್ಟನ್ ರಾಜ್ಯದ ವನ್ಯಜೀವಿ ಆಯೋಗ 2022ರಲ್ಲಿ ನಿಲ್ಲಿಸಿತು. ಬೇಟೆಯನ್ನು ಒಪ್ಪುವವರು ಬೇರೆ ಲೆಕ್ಕ ಹೇಳುತ್ತಾರೆ. ಪರವಾನಗಿ ಶುಲ್ಕ, 1937ರ ಕಾಯ್ದೆಯಂತೆ ಬಂದೂಕು ಮತ್ತು ಮದ್ದುಗುಂಡಿನ ಮೇಲಿನ ತೆರಿಗೆ, ಇವೆಲ್ಲ ವನ್ಯಜೀವಿ ರಕ್ಷಣೆಗೇ ಹೋಗುತ್ತವೆ ಎನ್ನುತ್ತಾರೆ. ತರಗತಿಯಲ್ಲಿ ನಾನು ಎರಡೂ ಕಡೆ ವಾದ ಮಾಡಿದ್ದೇನೆ. ಟ್ರಿಗರ್ ಮೇಲೆ ಬೆರಳಿಡುವವಳು ನಾನೇ ಆದಾಗ ಎರಡೂ ವಾದಗಳು ನೆರವಿಗೆ ಬರುವುದಿಲ್ಲ ಅಂತ ಆಮೇಲೆ ಗೊತ್ತಾಯಿತು.

ಸೋನಾಮಸೂರಿ ಹೊತ್ತು ಬೆಟ್ಟ

ಬೇಟೆಯಾದ ಮೇಲೆ ಮಾಂಸ, ಚರ್ಮ ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ತರಬೇಕು. ಅಜ್ಜನಿಗೆ ಹೊರಲಾಗದು. ಹೊರುವವಳು ನಾನೇ. ಕ್ಯಾಂಪಸ್ಸಿನ ಹಿಂದೆ ಸೆಂಟಿನೆಲ್ ಅಂತ ಬೆಟ್ಟವಿದೆ. ಅದರ ಮೈಮೇಲೆ ದೊಡ್ಡದಾಗಿ ಇಂಗ್ಲಿಷಿನ ‘ಎಂ’ ಅಕ್ಷರ. ಅಲ್ಲಿಗೆ ಹೋಗುವ ದಾರಿ ಹಾವಿನ ಹಾಗೆ ತಿರುಗುತ್ತ ಏರುತ್ತದೆ. ಸ್ಪೋಕೇನಿನ ಇಂಡಿಯನ್ ಅಂಗಡಿಯಿಂದ ತಂದಿದ್ದ ಇಪ್ಪತ್ತು ಪೌಂಡಿನ ಸೋನಾಮಸೂರಿ ಚೀಲವನ್ನು ಬ್ಯಾಗಿಗೆ ತುಂಬಿ ವಾರಕ್ಕೆ ಮೂರು ದಿನ ಹತ್ತಿದೆ. ಮಾರ್ಚ್ ಹೊತ್ತಿಗೆ ಎರಡು ಚೀಲ. ಮೊದಲ ದಿನ ಅರ್ಧ ದಾರಿಯಲ್ಲೇ ಕೂತುಬಿಟ್ಟಿದ್ದೆ. ‘ಏನಿದೆ ಬ್ಯಾಗಲ್ಲಿ?’ ಅಂತ ಒಬ್ಬರು ಕೇಳಿದರು. ‘ಅಕ್ಕಿ’ ಅಂದೆ. ಅವರು ಮುಂದೇನೂ ಕೇಳಲಿಲ್ಲ.

ಶನಿವಾರ ಗುರಿ ಅಭ್ಯಾಸ. ನೂರು ಗಜಕ್ಕೆ ಗುಂಡು ನೆಟ್ಟಗೆ ಬೀಳತೊಡಗಿತು. ಇನ್ನೂರಕ್ಕೆ ಚದುರುತ್ತಿತ್ತು. ‘ಹಾಗಾದರೆ ನಿನ್ನ ಮಿತಿ ನೂರು. ನೂರಾಹತ್ತು ಗಜದಲ್ಲಿ ಕರಡಿ ನಿಂತಿದ್ದರೆ ಅದು ನಿನ್ನದಲ್ಲ’ ಅಂದರು ಅಜ್ಜ. ಗಾಯಗೊಂಡು ಪೊದೆಗೆ ನುಗ್ಗುವ ಕರಡಿಗಿಂತ ಕೆಟ್ಟದ್ದು ಬೇಟೆಯಲ್ಲಿ ಇನ್ನೊಂದಿಲ್ಲವಂತೆ.

ಸೊಂಟಕ್ಕೆ ಕಟ್ಟಿಕೊಳ್ಳಲು ಬೇರ್ ಸ್ಪ್ರೇ ಕೊಂಡೆ. ಕರಡಿ ಮೇಲೆ ಬಂದರೆ ಅದರ ಮುಖಕ್ಕೆ ಸಿಡಿಸುವ ಡಬ್ಬಿ. ಒಳಗಿರುವುದು ಮೆಣಸಿನಕಾಯಿಯ ಖಾರದ ಸಾರ. ಬ್ಯಾಡಗಿ ಅಲ್ಲ, ಗುಂಟೂರೇ ಇರಬೇಕು! ಡಬ್ಬಿ ಇದ್ದರೆ ಸಾಲದು, ಎರಡು ಸೆಕೆಂಡಿನಲ್ಲಿ ತೆಗೆಯಲು ಬರಬೇಕು. ಅಭ್ಯಾಸಕ್ಕೆ ಅಂತಲೇ ಖಾರವಿಲ್ಲದ ಡಬ್ಬಿ ಸಿಗುತ್ತದೆ. ಹಿತ್ತಲಲ್ಲಿ ಅಜ್ಜ ಕರಡಿಯಾಗಿ ಓಡಿ ಬರುವುದು, ನಾನು ಡಬ್ಬಿ ಕೀಳುವುದು. ಪಕ್ಕದ ಮನೆಯವರು ಕಿಟಕಿಯಿಂದ ನೋಡಿ ಪರದೆ ಎಳೆದುಕೊಂಡರು.

ಗಾಳಿ ನೋಡುವುದನ್ನೂ ಕಲಿತೆ. ಕರಡಿಯ ಮೂಗಿನ ಮುಂದೆ ನಮ್ಮ ಯಾವ ಆಟವೂ ನಡೆಯದು. ಕೇರಂ ಬೋರ್ಡಿಗೆ ಹಾಕುವಂಥ ಪೌಡರನ್ನು ಪುಟ್ಟ ಬಾಟಲಿಯಲ್ಲಿ ತುಂಬಿ ಆಗಾಗ ಒತ್ತಿ ನೋಡಬೇಕು. ಬೆಳಗಿನ ತಂಪು ಗಾಳಿ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ, ಬಿಸಿಲೇರಿದಂತೆ ಮೇಲಕ್ಕೆ, ನೆರಳು ಬಿದ್ದ ಮೇಲೆ ಮತ್ತೆ ಕೆಳಕ್ಕೆ.

ಕೊನೆಗೆ ಅಡುಗೆ. ಕರಡಿ ಮಾಂಸದಲ್ಲಿ ಟ್ರಿಕಿನೆಲ್ಲಾ ಎಂಬ ಹುಳು ಇರಬಹುದು. ಕಾಡುಪ್ರಾಣಿಯಲ್ಲಿರುವ ಕೆಲವು ಜಾತಿಯ ಹುಳು ಫ್ರೀಜರಿನಲ್ಲಿಟ್ಟರೂ ಸಾಯದು. ಮಾಂಸ ಒಳಗಿನವರೆಗೆ 71 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಬೇಕು. ಅಜ್ಜನ ಬಳಿ ಅದಕ್ಕೆ ಚುಚ್ಚಿ ನೋಡುವ ಥರ್ಮಾಮೀಟರ್ ಇದೆ. ನನ್ನ ಬಳಿ ಅಮ್ಮ ಕೊಟ್ಟ ಕುಕ್ಕರ್ ಇದೆ. ನಾಲ್ಕು ಸೀಟಿ ಹೊಡೆಸಿದರೆ ಯಾವ ಹುಳು ಬದುಕೀತು?

ಆ ಶನಿವಾರ

ಏಪ್ರಿಲ್ ಮೊದಲ ಶನಿವಾರ ಜಾಗ ನೋಡಿಕೊಂಡು ಬರಲು ಹೋದೆವು. ಬೇಟೆಯ ಋತು ಇನ್ನೂ ಶುರುವಾಗಿರಲಿಲ್ಲ, ಬಂದೂಕು ಒಯ್ದಿರಲಿಲ್ಲ. ನಕ್ಷೆಯಲ್ಲಿ ಗುರುತಿಟ್ಟಿದ್ದ ಮೂರನೇ ಜಾಗ. ರಸ್ತೆಯ ತಿರುವಿನಲ್ಲಿ ಕೂತು ಎದುರಿನ ಇಳಿಜಾರನ್ನು ದುರ್ಬೀನಿನಲ್ಲಿ ತುಂಡು ತುಂಡಾಗಿ ನೋಡುವುದು ಕೆಲಸ. ಎರಡು ಗಂಟೆ ಬರೀ ಬುಡ, ಬಂಡೆ. ಸಂಜೆ ಆರರ ಹೊತ್ತಿಗೆ ಒಂದು ‘ಬುಡ’ ನಡೆಯಿತು!

ಕಪ್ಪಗೆ ಹೊಳೆಯುವ ಮೈ. ನಮ್ಮ ಕಡೆ ಮುಖ ಮಾಡಿ, ತಲೆ ತಗ್ಗಿಸಿ ಹುಲ್ಲು ಮೇಯುತ್ತಿತ್ತು. ನನ್ನ ಎದೆ ಡೊಳ್ಳು ಬಾರಿಸಿತು. ‘ಕಪ್ಪು ಕರಡಿ, ನೂರಕ್ಕೆ ನೂರು’ ಅಂತ ಪಿಸುಗುಟ್ಟಿದೆ. ಅಜ್ಜನೂ ನೋಡಿ ‘ಹೌದು’ ಅಂದರು. ದುರ್ಬೀನಿಗೆ ಫೋನು ಹಿಡಿದು ವಿಡಿಯೊ ಮಾಡತೊಡಗಿದೆ. ಹತ್ತು ನಿಮಿಷವಾಗಿರಬೇಕು, ಅದು ನಿಧಾನವಾಗಿ ಪಕ್ಕಕ್ಕೆ ತಿರುಗಿತು.

ಹೆಗಲ ಮೇಲೆ ಗೂನು. ತಟ್ಟೆಯಂಥ ಮುಖ. ಗ್ರಿಜ್ಲಿ.

ಇಬ್ಬರೂ ಮಾತಾಡಲಿಲ್ಲ. ಸದ್ದಿಲ್ಲದೆ ಹಿಂದೆ ಸರಿದು ಗಾಡಿಗೆ ಬಂದೆವು. ಅಜ್ಜ ಕೀಲಿ ತಿರುಗಿಸದೆ ಸ್ಟೀರಿಂಗ್ ಹಿಡಿದು ಕೂತೇ ಇದ್ದರು. ಅವರು ಬೇಟೆಯಾಡಿದ ಬಿಟರ್‌ರೂಟ್‌ನಿಂದ ಗ್ರಿಜ್ಲಿಗಳು ಅವರ ಕಾಲಕ್ಕೆ ಮುಂಚೆಯೇ ಅಳಿದುಹೋಗಿದ್ದವು. ಮೂವತ್ತು ವರ್ಷ ಅವರು ಕಂಡ ಕರಡಿಯೆಲ್ಲ ಕಪ್ಪು ಕರಡಿಯೇ. ಪರೀಕ್ಷೆ ಅವರೂ ಪಾಸಾಗಿದ್ದರು, ಆದರೆ ಕಣ್ಣು ಹಳೆಯ ಬೆಟ್ಟದ್ದು. ‘ಇವತ್ತು ಹದಿನೈದನೇ ತಾರೀಕಾಗಿದ್ದರೆ, ಅದು ಹತ್ತಿರದಲ್ಲಿದ್ದಿದ್ದರೆ, ಹೊಡಿ ಅಂದಿರುತ್ತಿದ್ದೆ’ ಅಂದರು. ಹೊಡಿ ಅಂದಿದ್ದರೆ ನಾನೂ ಹೊಡೆದಿರುತ್ತಿದ್ದೆ. ನನ್ನ ಪ್ರಮಾಣಪತ್ರ ಜೇಬಿನಲ್ಲೇ ಇತ್ತು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ವಿಡಿಯೊವನ್ನು ಮಾವನಿಗೆ ಕಳಿಸಿದೆ. ಏನೂ ಬರೆಯಲಿಲ್ಲ, ಬರೀ ವಿಡಿಯೊ. ಅಲ್ಲಿ ಬೆಳಗಾಗಿತ್ತು, ಕೂಡಲೇ ಫೋನ್ ಬಂತು.

‘ಇದರ ಹೆಗಲು ಎದ್ದೈತಲ್ಲವ್ವಾ. ನಮ್ಮ ಹೋರಿ ಇಣಿ ಇದ್ದಂಗ ಐತಿ.’

ವಿಡಿಯೊದಲ್ಲಿ ಕರಡಿ ತಿರುಗುವುದಕ್ಕೆ ಮೊದಲೇ ಕಂಡಿತಂತೆ. ತಲೆ ತಗ್ಗಿಸಿದಾಗ ಕಿವಿಗಳ ಹಿಂದೆ ಉಬ್ಬು ಕಾಣುತ್ತಿತ್ತಂತೆ. ನಾನು ಮತ್ತೆ ಹಾಕಿ ನೋಡಿದೆ. ಹೌದು, ಕಾಣುತ್ತಿತ್ತು. ನಾವಿಬ್ಬರೂ ನಾಲ್ಕು ಕಣ್ಣಿನಲ್ಲಿ ಬಣ್ಣ ನೋಡಿದ್ದೆವು. ಮಾವ ಒಂದೇ ಕಣ್ಣಿನಲ್ಲಿ ಕರಡಿ ನೋಡಿದ್ದರು.

ಅವತ್ತು ಧೈರ್ಯ ಮಾಡಿ ಕೇಳಿದೆ, ‘ಮಾವ, ಆ ಕರಡಿ ಮ್ಯಾಲೆ ಸಿಟ್ಟಿಲ್ಲೇನು?’

‘ಬೆನ್ನ ಮ್ಯಾಲೆ ಎರಡು ಮರಿ ಇದ್ದುವು. ಕತ್ತಲಾಗ ನಾನಾ ಅದರ ಹಾದಿಗೆ ಅಡ್ಡ ಹೋದೆ. ಅದಕ್ಕ ಬ್ಯಾರೆ ಏನು ಮಾಡಾಕ ಬರ್ತಿತ್ತು?’ ಅಂದರು. ಇಷ್ಟು ವರ್ಷದಲ್ಲಿ ಮರಿಗಳ ವಿಷಯ ಅವರು ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅವರೇ ಹೇಳಿದರು: ‘ಹೋಗಬ್ಯಾಡ ಅನ್ನಂಗಿಲ್ಲ. ಆ ದೇಶದಾಗ ಹೆಂಗೈತೋ ಹಂಗ. ಆದರ ಹಿಂದ ಮರಿ ಅದಾವೇನು ನೋಡು. ಒಂದು ಸಲ ನೋಡಿ ಬಿಡಬ್ಯಾಡ, ಕುಂತು ನೋಡು.’

ಹದಿನೈದಕ್ಕೆ ಮೊದಲು

ಆ ಮಾತನ್ನು ಅಜ್ಜನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಪೆನ್ಸಿಲ್ ತೆಗೆದು ನಕ್ಷೆಯ ಅಂಚಿನಲ್ಲಿ ನಮ್ಮ ನಿಯಮಗಳನ್ನು ಬರೆದರು. ಕರಡಿ ಪಕ್ಕಕ್ಕೆ ತಿರುಗುವವರೆಗೆ ಬಂದೂಕು ಮುಟ್ಟುವಂತಿಲ್ಲ. ಗೂನು, ಮುಖ, ಕಿವಿ ಮೂರನ್ನೂ ಇಬ್ಬರೂ ಬೇರೆ ಬೇರೆಯಾಗಿ ಬಾಯಿಬಿಟ್ಟು ಹೇಳಬೇಕು. ಬಣ್ಣದ ಮಾತೇ ಎತ್ತಬಾರದು. ಕನಿಷ್ಠ ಅರ್ಧ ಗಂಟೆ ನೋಡಬೇಕು, ಸುತ್ತಲಿನ ಮರಗಳನ್ನೂ ಸೇರಿಸಿ. ಇಬ್ಬರಲ್ಲಿ ಒಬ್ಬರಿಗೆ ಅನುಮಾನ ಬಂದರೂ ಅವತ್ತಿನ ಬೇಟೆ ಮುಗಿಯಿತು. ಗ್ರಿಜ್ಲಿ ಕಂಡ ಮೂರನೇ ಜಾಗದ ಗುರುತನ್ನು ರಬ್ಬರಿನಿಂದ ಅಳಿಸಿದರು. ಆಮೇಲೆ ಇಬ್ಬರೂ ಕಂಪ್ಯೂಟರ್ ಮುಂದೆ ಕೂತು ಕರಡಿ ಪರೀಕ್ಷೆಯನ್ನು ಮೊದಲಿನಿಂದ ಮತ್ತೆ ಬರೆದೆವು.

ಮೊದಲಿದ್ದ ಉಮೇದು ಈಗ ಹಾಗೇ ಉಳಿದಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಹೋಗುವುದೇ ಬೇಡ ಅಂತಲೂ ಅನಿಸಿಲ್ಲ. ಕುರಿ ಕೊಯ್ಯುವಾಗ ಹಿತ್ತಲಿಗೆ ಹೋಗಿ ಕಿವಿ ಮುಚ್ಚಿಕೊಂಡು, ಊಟಕ್ಕೆ ಮಾತ್ರ ಮೊದಲ ಪಂಕ್ತಿಯಲ್ಲಿ ಕೂರುತ್ತಿದ್ದವಳು ನಾನು. ಒಂದು ಸಲವಾದರೂ ಪೂರ್ತಿ ನೋಡಬೇಕು, ನನ್ನ ಕೈಯಿಂದ ಆದದ್ದಕ್ಕೆ ನಾನೇ ಜವಾಬ್ದಾರಳಾಗಬೇಕು ಎಂಬ ಆಸೆ ಹಾಗೇ ಇದೆ. ಮಾವನ ಕಣ್ಣಿನ ಲೆಕ್ಕ ಮಾತ್ರ ಬ್ಯಾಗಿನಿಂದ ಹೊರಗಿಟ್ಟಾಗಿದೆ.

ಉಳಿದದ್ದೆಲ್ಲ ತುಂಬಿಯಾಗಿದೆ. ದುರ್ಬೀನು, ಪೌಡರ್ ಬಾಟಲಿ, ಎರಡು ಟಾರ್ಚು, ಹಗ್ಗ, ಚಾಕು, ಮಾಂಸ ಕಟ್ಟುವ ಬಟ್ಟೆ ಚೀಲ, ಬೇರ್ ಸ್ಪ್ರೇ, ಅಮ್ಮ ಕಳಿಸಿದ ಶೇಂಗಾ ಚಟ್ನಿಪುಡಿ, ಒಣ ರೊಟ್ಟಿ. ಪರವಾನಗಿ ಜೇಬಿನಲ್ಲಿದೆ. ಏಪ್ರಿಲ್ 15ರ ನಸುಕಿನ ನಾಲ್ಕಕ್ಕೆ ಅಜ್ಜ ಬಾಗಿಲು ಬಡಿಯುತ್ತಾರೆ. ನೀವು ಇದನ್ನು ಓದುವ ಹೊತ್ತಿಗೆ ನಾವು ಬ್ಲ್ಯಾಕ್‌ಫುಟ್ ಕಣಿವೆಯ ಯಾವುದೋ ತಿರುವಿನಲ್ಲಿ ಕೂತು ಎದುರಿನ ಬೆಟ್ಟವನ್ನು ನೋಡುತ್ತಿರಬಹುದು.

ಕರಡಿ ಸಿಕ್ಕರೂ ಸಿಗದಿದ್ದರೂ ಸಂಜೆ ಮಾವನಿಗೆ ಫೋನ್ ಮಾಡಬೇಕು. ಎಷ್ಟು ಹೊತ್ತು ಕುಂತು ನೋಡಿದೆ ಅಂತಲೇ ಅವರು ಮೊದಲು ಕೇಳುತ್ತಾರೆ.